ರೇಖೆಗಳ ಮೂಲಕ ವಿಚಾರ: ರೇಖಾಚಿತ್ರ ಮತ್ತು ಭೂಪಟಗಳ ಉಪಯೋಗ

ಬೆಳಗಾವಿಯು ಹೆಚ್ಚು ಪಶ್ಚಿಮಕ್ಕಿದೆಯೋ, ಮಂಗಳೂರು ಹೆಚ್ಚು ಪಶ್ಚಿಮಕ್ಕಿದೆಯೋ? ಭೂಪಟವನ್ನು ತೆರೆಯದೆ ಕ್ಷಣಕಾಲ ಯೋಚಿಸಿ ಉತ್ತರ ಹೇಳಿಕೊಳ್ಳಬೇಕೆಂದು ವಾಚಕರಲ್ಲಿ ವಿನಂತಿ. ಮಂಗಳೂರೆಂದು ಹೇಳಬೇಕೆನ್ನಿಸುವುದು ಸಹಜ. ಅದು ಕಡಲ ದಂಡೆಯ ಊರು. ಕಡಲಿರುವುದು ನಾಡಿನ ಪಶ್ಚಿಮಕ್ಕೆ. ಬೆಳಗಾವಿಯಾದರೋ ಸಹ್ಯಾದ್ರಿಯಿಂದ ಈಚೆಗೆ, ಘಟ್ಟದ ಮೇಲಿನ ಊರು. ಆದಕಾರಣ ಮಂಗಳೂರೇ ಪಶ್ಚಿಮಕ್ಕಿರಬೇಕೆಂದು ಬುದ್ಧಿಯು ತೀರ್ಮಾನಿಸಿಬಿಡುತ್ತದೆ. ವಾಸ್ತವವಾಗಿ ಮಂಗಳೂರಿನ ರೇಖಾಂಶ ಸುಮಾರು 74.8 ಡಿಗ್ರಿ, ಬೆಳಗಾವಿಯದು ಸುಮಾರು 74.5 ಡಿಗ್ರಿ. ಘಟ್ಟದ ಮೇಲಿನ ಬೆಳಗಾವಿಯೇ ಕಡಲ ತಡಿಯ ಮಂಗಳೂರಿಗಿಂತ ಪಶ್ಚಿಮಕ್ಕಿದೆ. ನಮ್ಮ ಕರಾವಳಿಯು ನೇರವಾಗಿ ಉತ್ತರ-ದಕ್ಷಿಣವಾಗಿರದೆ, ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಇಳಿದಿರುವುದೇ ಇದಕ್ಕೆ ಕಾರಣ. ಭೂಪಟವನ್ನು ನೂರು ಸಲ ನೋಡಿದವರ ಮನಸ್ಸಿನಲ್ಲಿಯೂ ಆ ಓರೆಯು ನೆಟ್ಟಗಾಗಿಬಿಟ್ಟಿರುತ್ತದೆ.

ಇದು ನಮ್ಮವರಲ್ಲಿ ಮಾತ್ರ ಕಂಡುಬರುವ ತಪ್ಪಲ್ಲ. 1978ರಲ್ಲಿ ಆಲ್ಬರ್ಟ್ ಸ್ಟೀವನ್ಸ್ ಮತ್ತು ಪ್ಯಾಟಿ ಕೂಪ್ ಎಂಬ ಅಮೆರಿಕದ ಸಂಶೋಧಕರು ಇಂಥದೇ ಪ್ರಶ್ನೆಗಳನ್ನು ಅಲ್ಲಿನ ಜನರಿಗೆ ಕೇಳಿದರು. ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಡಿಯಾಗೊ ನಗರದಿಂದ ನೆವಾಡ ರಾಜ್ಯದ ರೀನೊ ನಗರವು ಯಾವ ದಿಕ್ಕಿಗಿದೆ? ನೆವಾಡವು ಕ್ಯಾಲಿಫೋರ್ನಿಯದ ಪೂರ್ವಕ್ಕಿರುವುದರಿಂದ ರೀನೊ ಕೂಡ ಪೂರ್ವಕ್ಕಿರಬೇಕೆಂದು ಜನರು ಭಾವಿಸಿದರು. ರೀನೊ ಇರುವುದು ವಾಯವ್ಯಕ್ಕೆ. ನಮ್ಮ ಮನಸ್ಸಿನಲ್ಲಿ ಭೂಪಟವು ಚಿತ್ರವಾಗಿ ಉಳಿಯುವುದಕ್ಕಿಂತ ಹೆಚ್ಚಾಗಿ, ಇಂಥ ಊರು ಇಂಥ ಸೀಮೆಯೊಳಗೆ, ಆ ಸೀಮೆಯು ಇಂಥ ನಾಡಿನ ಇಂಥ ಮಗ್ಗುಲಿಗೆ ಎಂಬ ಹೇಳಿಕೆಗಳ ಕಟ್ಟಾಗಿ ಉಳಿಯುತ್ತದೆಂದು ಇದರಿಂದ ತಿಳಿಯುತ್ತದೆ. ದೊಡ್ಡದರ ದಿಕ್ಕನ್ನು ಚಿಕ್ಕದಕ್ಕೂ ಹಚ್ಚಿಬಿಡುತ್ತೇವೆ. ಮಂಗಳೂರು ಮತ್ತು ಶ್ರೀನಗರ ಹೆಚ್ಚುಕಡಮೆ ಒಂದೇ ರೇಖಾಂಶದ ಮೇಲಿವೆಯೆಂದರೆ ಎಷ್ಟು ಮಂದಿ ಒಪ್ಪಿಯಾರು?

ಮನಸ್ಸೊಂದೇ ಸಾಲದೆಂಬುದನ್ನು ಮಾನವನು ಬಹು ಹಿಂದೆಯೇ ಅರಿತುಕೊಂಡನು. ಆದ್ದರಿಂದಲೇ ಮಣ್ಣಿನ ಮೇಲೆ, ಬಟ್ಟೆಯ ಮೇಲೆ, ಕಾಗದದ ಮೇಲೆ ಗೆರೆಯೆಳೆದು ಯೋಚಿಸುವುದನ್ನು ರೂಢಿಸಿಕೊಂಡನು. ಗೆರೆ ಎಳೆದೊಡನೆ ಬುದ್ಧಿಗೆ ಆಗುವ ಸಹಾಯವಾದರೂ ಯಾವುದು, ಮತ್ತು ಅದೇ ಗೆರೆಯಿಂದ ಬುದ್ಧಿಯು ದಾರಿ ತಪ್ಪುವುದು ಹೇಗೆ ಎಂಬುದನ್ನು ಕೆಲವು ನಿಜ ಸಂಗತಿಗಳ ಆಧಾರದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಸಣ್ಣ ಲೆಕ್ಕ. ಒಂದು ಊರಿನಲ್ಲಿ ಗುಡಿಯು ಕೆರೆಯ ಉತ್ತರಕ್ಕಿದೆ. ಶಾಲೆಯು ಗುಡಿಯ ಪೂರ್ವಕ್ಕಿದೆ. ಸಂತೆಯ ಮಾಳವು ಶಾಲೆಯ ದಕ್ಷಿಣಕ್ಕಿದೆ. ಹಾಗಾದರೆ ಕೆರೆಯಿಂದ ಸಂತೆಯ ಮಾಳ ಯಾವ ದಿಕ್ಕಿಗೆ? ಬರಿಯ ಮಾತಿನಿಂದ ಇದನ್ನು ಬಿಡಿಸಹೊರಟವನು ಮೂರು ವಾಕ್ಯಗಳನ್ನೂ ನೆನಪಿನಲ್ಲಿ ಹಿಡಿದು ಒಂದಕ್ಕೊಂದು ಹೊಂದಿಸಬೇಕು. ನಾಲ್ಕು ಚುಕ್ಕೆಗಳನ್ನಿಟ್ಟು ನೋಡಿದವನಿಗೆ ಉತ್ತರವು ಕಣ್ಣಿಗೇ ಕಾಣುತ್ತದೆ: ಪೂರ್ವಕ್ಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ವಾಕ್ಯಗಳಲ್ಲಿ ದೂರದ ಮಾತೇ ಇರಲಿಲ್ಲ. ಚುಕ್ಕೆಗಳನ್ನಿಡುವಾಗ ನಾವು ಕೇಳದೆಯೇ ಎಲ್ಲ ದೂರಗಳನ್ನೂ ಸಮವಾಗಿಸಿಕೊಂಡೆವು. ಗುಡಿಯು ಕೆರೆಗೆ ಸಮೀಪವಿದ್ದು, ಸಂತೆಯ ಮಾಳವು ಶಾಲೆಯಿಂದ ಬಹುದೂರ ದಕ್ಷಿಣಕ್ಕಿದ್ದರೆ, ಸರಿಯಾದ ಉತ್ತರ ಆಗ್ನೇಯ. ವಾಕ್ಯವು ಹೇಳದೆ ಬಿಟ್ಟದ್ದನ್ನು ಚಿತ್ರವು ಬಿಡಲಾರದು. ಚುಕ್ಕೆಯನ್ನು ಎಲ್ಲಿಯಾದರೂ ಇಡಲೇಬೇಕಷ್ಟೇ. ಚಿತ್ರದ ಬಲವೂ ಅದರ ಅಪಾಯವೂ ಈ ಒಂದೇ ಬುಡದಿಂದ ಹುಟ್ಟಿದವು.

1987ರಲ್ಲಿ ಜಿಲ್ ಲಾರ್ಕಿನ್ ಮತ್ತು ಅರ್ಥಶಾಸ್ತ್ರದಲ್ಲಿ ನೊಬೆಲ್ ಪಾರಿತೋಷಕ ಪಡೆದ ಹರ್ಬರ್ಟ್ ಸೈಮನ್ ಈ ವಿಷಯವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಒಂದು ಚಿತ್ರವು ಹತ್ತು ಸಾವಿರ ಪದಗಳಿಗೆ ಸಮವೆಂಬ ಗಾದೆಯನ್ನೇ ತಲೆಬರಹವಾಗಿಟ್ಟು, ಅದರೊಳಗೆ ‘ಕೆಲವೊಮ್ಮೆ’ ಎಂಬ ಪದವೊಂದನ್ನು ಅವರು ಸೇರಿಸಿದ್ದರು. ಪ್ರಬಂಧದ ಸಾರವೆಲ್ಲ ಆ ಪದದಲ್ಲಿದೆ. ವಾಕ್ಯಗಳ ಪಟ್ಟಿಯಲ್ಲಿಯೂ ಚಿತ್ರದಲ್ಲಿಯೂ ಇರುವ ಮಾಹಿತಿ ಒಂದೇ ಆಗಿದ್ದರೂ ಅದನ್ನು ಹುಡುಕುವ ಶ್ರಮ ಒಂದೇ ಅಲ್ಲ. ಒಟ್ಟಿಗೆ ಬೇಕಾದ ಸಂಗತಿಗಳು ಚಿತ್ರದಲ್ಲಿ ಒಂದರ ಮಗ್ಗುಲಿಗೊಂದು ಇರುತ್ತವೆ; ಪಟ್ಟಿಯಲ್ಲಿ ಅವು ಹತ್ತು ಸಾಲುಗಳ ಅಂತರದಲ್ಲಿ ಚದುರಿರುತ್ತವೆ. ಆದರೆ ಚಿತ್ರವನ್ನು ಓದಲು ಕಲಿತವನಿಗೆ ಮಾತ್ರ ಈ ಲಾಭ; ಕಲಿಯದವನಿಗೆ ಅದೂ ಗೆರೆಗಳ ಗೋಜಲೇ.

ಚಿತ್ರವೆಂದರೆ ವಸ್ತುವಿನಂತೆಯೇ ಕಾಣಬೇಕೆಂಬ ನಿಯಮವಿಲ್ಲ. ನಮ್ಮ ಭೂಮಾಪನ ಇಲಾಖೆಯ ಹಳೆಯ ಟಿಪ್ಪಣಿಯನ್ನು ನೋಡಿದ ರೈತರಿಗೆ ಇದು ಗೊತ್ತು. ಟಿಪ್ಪಣಿಯು ಜಮೀನಿನ ಕೈಚಿತ್ರ. ಹೊಲದ ಉದ್ದಕ್ಕೆ ಒಂದು ನೇರಗೆರೆ, ಅದರಿಂದ ಮೂಲೆಮೂಲೆಗಳಿಗೆ ಲಂಬವಾದ ಅಡ್ಡಗೆರೆಗಳು, ಗೆರೆಗಳ ಮೇಲೆ ಸರಪಳಿ ಮತ್ತು ಆಣೆಗಳ ಲೆಕ್ಕ. ಗೆರೆಗಳು ಅಳತೆಗೆ ತಕ್ಕ ಪ್ರಮಾಣದಲ್ಲಿರುವುದಿಲ್ಲ. ಉದ್ದನೆಯ ಬದುವು ಚಿಕ್ಕದಾಗಿ ಕಂಡೀತು. ಆದರೂ ಅಣ್ಣತಮ್ಮಂದಿರು ಬದುವಿಗಾಗಿ ಜಗಳವಾಡಿ ಬಂದಾಗ ತೀರ್ಪಿಗೆ ಆಧಾರವಾಗುವುದು ಅಲ್ಲಿ ಬರೆದಿಟ್ಟ ಅಂಕಿಗಳು. ಹೊಲವು ಎಷ್ಟೇ ವಕ್ರವಾಗಿರಲಿ, ಈ ಗೆರೆಗಳಿಂದ ಅದು ತ್ರಿಕೋನಗಳಾಗಿ, ಚತುಷ್ಕೋನಗಳಾಗಿ ಒಡೆಯುತ್ತದೆ. ಒಂದೊಂದರ ಕ್ಷೇತ್ರಫಲ ತೆಗೆದು ಕೂಡಿಸಿದರೆ ಹೊಲದ ವಿಸ್ತೀರ್ಣ ಬಂದಿತು. ಸರಪಳಿಯು 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗಣಿತದ ತರಗತಿಯಲ್ಲಿ ತ್ರಿಕೋನದ ಕ್ಷೇತ್ರಫಲವನ್ನು ಬಾಯಿಪಾಠ ಮಾಡಿದ ರೈತನ ಮಗನಿಗೆ ತನ್ನ ಮನೆಯ ಪೆಟ್ಟಿಗೆಯಲ್ಲಿಯೇ ಅದರ ಪ್ರಯೋಗವಿದೆಯೆಂದು ತಿಳಿಯದೆ ಹೋಗುವುದು ಶೋಚನೀಯ.

ಬೇಡವಾದುದನ್ನು ಬಿಡುವುದರಿಂದಲೇ ಬಗೆಹರಿದ ಸಮಸ್ಯೆಗೆ ಅತ್ಯಂತ ಪ್ರಸಿದ್ಧವಾದ ಉದಾಹರಣೆ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳದು. ಇಂದು ರಷ್ಯಾ ದೇಶಕ್ಕೆ ಸೇರಿ ಕಲಿನಿನ್‌ಗ್ರಾಡ್ ಎನ್ನಿಸಿಕೊಂಡಿರುವ ಆ ನಗರವು ಹದಿನೆಂಟನೆಯ ಶತಮಾನದಲ್ಲಿ ಪ್ರಷ್ಯದ ಊರಾಗಿತ್ತು. ಪ್ರೆಗೆಲ್ ಎಂಬ ಹೊಳೆಯು ಊರಿನ ನಡುವೆ ಕವಲೊಡೆದು ಒಂದು ನಡುಗಡ್ಡೆಯನ್ನು ಬಳಸಿ ಹರಿಯುತ್ತಿತ್ತು. ಎರಡು ದಡಗಳು, ಒಂದು ನಡುಗಡ್ಡೆ, ಕವಲುಗಳ ನಡುವಣ ಪೂರ್ವದ ನೆಲ, ಹೀಗೆ ನಾಲ್ಕು ಭಾಗಗಳನ್ನು ಏಳು ಸೇತುವೆಗಳು ಜೋಡಿಸಿದ್ದವು. ಪ್ರತಿ ಸೇತುವೆಯನ್ನೂ ಒಮ್ಮೆ, ಒಮ್ಮೆ ಮಾತ್ರ ದಾಟಿ ಊರನ್ನು ಸುತ್ತಿಬರಲು ಸಾಧ್ಯವೆ? ಸಾಧ್ಯವಾಯಿತೆಂದು ತೋರಿಸಿದವರಿರಲಿಲ್ಲ, ಅಸಾಧ್ಯವೆಂದು ಸಾಧಿಸಿದವರೂ ಇರಲಿಲ್ಲ.

ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞನು 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಂಸ್ಥೆಯ ಮುಂದೆ ಇದರ ಉತ್ತರವನ್ನಿಟ್ಟನು. ಬೀದಿಗಳ ಉದ್ದ, ಸೇತುವೆಗಳ ಆಕಾರ, ನಡುಗಡ್ಡೆಯ ವಿಸ್ತಾರ ಇವಾವುವೂ ಈ ಪ್ರಶ್ನೆಗೆ ಸಂಬಂಧಿಸಿದವಲ್ಲವೆಂಬುದನ್ನು ಆತನು ಕಂಡುಕೊಂಡನು. ಯಾವ ಭಾಗಕ್ಕೆ ಎಷ್ಟು ಸೇತುವೆಗಳು ತಗಲಿವೆಯೆಂಬುದಷ್ಟೇ ಮುಖ್ಯ. ಒಂದು ಭಾಗದೊಳಕ್ಕೆ ಒಂದು ಸೇತುವೆಯಿಂದ ಬಂದವನು ಇನ್ನೊಂದರಿಂದ ಹೊರಡಬೇಕು. ಆದ್ದರಿಂದ ನಡುವೆ ಹಾದುಹೋಗುವ ಭಾಗಕ್ಕೆ ಸೇತುವೆಗಳು ಎರಡೆರಡರ ಜೋಡಿಯಾಗಿ, ಅಂದರೆ ಸಮಸಂಖ್ಯೆಯಲ್ಲಿ ಬೇಕು. ಬೆಸಸಂಖ್ಯೆ ಇರಬಹುದಾದದ್ದು ಹೊರಡುವ ಮತ್ತು ಮುಗಿಸುವ ಎರಡು ಭಾಗಗಳಲ್ಲಿ ಮಾತ್ರ. ಕೋನಿಗ್ಸ್‌ಬರ್ಗಿನಲ್ಲಿ ನಡುಗಡ್ಡೆಗೆ ಐದು, ಉಳಿದ ಮೂರು ಭಾಗಗಳಿಗೆ ಮೂರುಮೂರು ಸೇತುವೆಗಳು. ನಾಲ್ಕೂ ಬೆಸ. ಆದಕಾರಣ ಅಂಥ ಸುತ್ತಾಟವು ಅಸಾಧ್ಯ. ಭಾಗಗಳನ್ನು ಚುಕ್ಕೆಗಳಾಗಿ, ಸೇತುವೆಗಳನ್ನು ಗೆರೆಗಳಾಗಿ ಬರೆದ ಚಿತ್ರವು ಈಗ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಆಯ್ಲರನ ಪ್ರಬಂಧದಲ್ಲಿ ಆ ಚಿತ್ರವಿಲ್ಲ. ಅದು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಯ್ಲರನು ಬುದ್ಧಿಯಲ್ಲಿ ಮಾಡಿದ ಬಿಡುವಿಕೆಯನ್ನು ಮುಂದಿನವರು ಕಾಗದದ ಮೇಲೆ ಮಾಡಿದರೆನ್ನಬೇಕು.

ನಮ್ಮ ಮಕ್ಕಳು ಪಾಟಿಯ ಮೇಲೆ ಆಡುವ ಆಟವೊಂದಿದೆ. ಚೌಕ, ಅದರೊಳಗೆ ಎರಡು ಕರ್ಣಗಳು, ಮೇಲೆ ಮಾಡಿನಂತೆ ಒಂದು ತ್ರಿಕೋನ. ಬಳಪವನ್ನೆತ್ತದೆ, ಬರೆದ ಗೆರೆಯ ಮೇಲೆ ಮತ್ತೆ ಬರೆಯದೆ ಈ ಮನೆಯನ್ನು ಮುಗಿಸಬೇಕು. ಕೆಳಗಿನ ಮೂಲೆಯಿಂದ ಹೊರಟರೆ ಮುಗಿಯುತ್ತದೆ, ಮೇಲಿನಿಂದ ಹೊರಟರೆ ಮುಗಿಯದು. ಕೆಳಗಿನ ಎರಡು ಮೂಲೆಗಳಿಗೆ ಮೂರುಮೂರು ಗೆರೆಗಳು, ಉಳಿದೆಡೆ ಸಮಸಂಖ್ಯೆ. ಆಯ್ಲರನ ನಿಯಮವೇ ಇದು. ಒಂದೇ ಎಳೆಯಲ್ಲಿ ಚುಕ್ಕೆಗಳನ್ನು ಸುತ್ತಿ ಹೊರಟಲ್ಲಿಗೇ ಬಂದು ಸೇರುವ ರಂಗೋಲಿಯಲ್ಲಿ ಎಳೆಗಳು ಕೂಡುವೆಡೆಯಲ್ಲೆಲ್ಲ ಸಮಸಂಖ್ಯೆಯೇ ಇರುವುದನ್ನು ತಾಯಂದಿರು ಎಣಿಸಿ ನೋಡಬಹುದು.

ಇದು ವಿನೋದದ ಸಮಸ್ಯೆಯಾಯಿತು. ಜೀವನ್ಮರಣದ ಪ್ರಶ್ನೆಯಲ್ಲಿ ನಕ್ಷೆಯು ಹೇಗೆ ಕೆಲಸ ಮಾಡಿತೆಂಬುದಕ್ಕೆ ಲಂಡನ್ ನಗರದ ಕಾಲರಾ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಏಕೆಂದರೆ ಸಾಮಾನ್ಯವಾಗಿ ಈ ಕಥೆಯನ್ನು ತಪ್ಪಾಗಿ ಹೇಳುವುದುಂಟು.

1854ರ ಆಗಸ್ಟ್ 31ರ ರಾತ್ರಿ ಲಂಡನ್ನಿನ ಸೋಹೊ ಎಂಬ ಭಾಗದಲ್ಲಿ ಕಾಲರಾ ಹಠಾತ್ತನೆ ಎರಗಿತು. ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ದುರ್ಗಂಧದ ಗಾಳಿಯಿಂದ ರೋಗ ಹರಡುವುದೆಂಬುದು ಆಗಿನ ವಿದ್ವಾಂಸರ ಪ್ರಬಲ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನು ಮಾತ್ರ ನೀರಿನಿಂದ ಹರಡುವುದೆಂದು 1849ರಲ್ಲಿಯೇ ಬರೆದಿದ್ದನು. ಆತನು ಸರಕಾರಿ ದಾಖಲೆಯಿಂದ ಮೊದಲ ವಾರದ 83 ಸಾವುಗಳ ಪಟ್ಟಿಯನ್ನು ಪಡೆದು, ಸತ್ತವರ ಮನೆಗಳು ಎಲ್ಲಿವೆಯೆಂದು ಹುಡುಕುತ್ತ ಹೊರಟನು. ಬಹುತೇಕ ಎಲ್ಲ ಸಾವುಗಳೂ ಬ್ರಾಡ್ ಸ್ಟ್ರೀಟಿನ ಕೈಪಂಪಿನ ಆಸುಪಾಸಿನಲ್ಲಿ ಸಂಭವಿಸಿದ್ದವು. ಹತ್ತು ಮನೆಗಳು ಮಾತ್ರ ಬೇರೊಂದು ಪಂಪಿಗೆ ಸಮೀಪದಲ್ಲಿದ್ದವು. ಇಲ್ಲಿಯೇ ಸ್ನೋನ ವಿಚಾರದ ಮರ್ಮವಿದೆ. ಆತನು ಆ ಹತ್ತನ್ನು ಕಡೆಗಣಿಸದೆ, ಅವರ ಮನೆಗೇ ಹೋಗಿ ವಿಚಾರಿಸಿದನು. ಐದು ಮನೆಯವರು ರುಚಿಗಾಗಿ ಬ್ರಾಡ್ ಸ್ಟ್ರೀಟಿನಿಂದಲೇ ನೀರು ತರಿಸುತ್ತಿದ್ದರು. ಇನ್ನು ಮೂರು ಮಂದಿ ಮಕ್ಕಳು. ಅವರು ಹೋಗುತ್ತಿದ್ದ ಶಾಲೆಯು ಆ ಪಂಪಿನ ಹತ್ತಿರವಿತ್ತು.

ವಿರುದ್ಧವಾಗಿ ಕಾಣುವ ಸಂಗತಿಗಳು ಇನ್ನೂ ಇದ್ದವು. ಪಂಪಿಗೆ ಸಮೀಪವೇ ಇದ್ದ ಬಡವರ ಆಶ್ರಮದಲ್ಲಿ 535 ಜನರಿದ್ದರೂ ಸತ್ತವರು ಐವರು ಮಾತ್ರ. ಆ ಆಶ್ರಮಕ್ಕೆ ಸ್ವಂತ ಬಾವಿಯಿತ್ತು. ಅದೇ ಬೀದಿಯ ಮದ್ಯ ತಯಾರಿಕೆಯ ಕಾರಖಾನೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಿದ್ದು ಒಬ್ಬನೂ ಸಾಯಲಿಲ್ಲ. ಅವರು ಅಲ್ಲಿ ಸಿಗುವ ಮದ್ಯವನ್ನೇ ಕುಡಿಯುತ್ತಿದ್ದರು. ಇನ್ನೊಂದು ಪಂಪಿನ ಮಗ್ಗುಲಲ್ಲಿಯೇ ಇದ್ದ ಮನೆಗಳಲ್ಲಿ ಸಾವುಗಳಾಗಿದ್ದವು. ಆ ಪಂಪಿನ ನೀರು ಹೊಲಸಾಗಿದ್ದುದರಿಂದ ಜನರು ಅದನ್ನು ಬಿಟ್ಟು ಬ್ರಾಡ್ ಸ್ಟ್ರೀಟಿಗೆ ಬರುತ್ತಿದ್ದರು. ಬಹುದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ಸತ್ತಳು. ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿ ವಾಸವಾಗಿದ್ದ ಆಕೆಗೆ ಅಲ್ಲಿಯ ನೀರೇ ಸವಿಯೆನಿಸಿ, ದಿನವೂ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು. ಪ್ರೀತಿಯಿಂದ ತರಿಸಿದ ನೀರೇ ಮೃತ್ಯುವಾಯಿತು.

ಸೆಪ್ಟೆಂಬರ್ 7ರಂದು ಸ್ನೋ ಅಲ್ಲಿಯ ಆಡಳಿತ ಮಂಡಳಿಯ ಮುಂದೆ ತನ್ನ ವಾದವನ್ನಿಟ್ಟನು. ಮರುದಿನ ಪಂಪಿನ ಹಿಡಿಕೆಯನ್ನು ತೆಗೆಯಿಸಲಾಯಿತು. ಆ ವೇಳೆಗಾಗಲೇ ಜನರು ಊರು ಬಿಟ್ಟು ಓಡಿದ್ದರಿಂದ ರೋಗವು ಇಳಿಮುಖವಾಗಿತ್ತು. ಇದನ್ನು ಸ್ನೋ ಮುಚ್ಚಿಡಲಿಲ್ಲ. ಸುಪ್ರಸಿದ್ಧವಾದ ಆತನ ನಕ್ಷೆಯು ಇಷ್ಟೆಲ್ಲ ಆದ ಮೇಲೆ ಸಿದ್ಧವಾಗಿ 1855ರಲ್ಲಿ ಆತನ ಪುಸ್ತಕದೊಂದಿಗೆ ಅಚ್ಚಾಯಿತು. ನಕ್ಷೆಯನ್ನು ನೋಡಿದೊಡನೆ ರಹಸ್ಯವು ಬಯಲಾಯಿತೆಂಬ ಕಥೆಯು ಸರಿಯಲ್ಲ. ಅದೇ ಬೀದಿಗಳ, ಅದೇ ಸಾವುಗಳ ನಕ್ಷೆಯನ್ನು ಬೇರೆಯವರೂ ಬರೆದಿದ್ದರು. ಚರಂಡಿ ಇಲಾಖೆಯ ಎಡ್ಮಂಡ್ ಕೂಪರ್ ಎಂಬ ಎಂಜಿನಿಯರನು ಚರಂಡಿಗಳ ಸಾಲುಗಳನ್ನೂ, ಹಿಂದೆ ಪ್ಲೇಗಿನಿಂದ ಸತ್ತವರನ್ನು ಹೂಳಿದ ಜಾಗವನ್ನೂ ಗುರುತಿಸಿ ನಕ್ಷೆ ಮಾಡಿದನು. ಚರಂಡಿಗಳದು ತಪ್ಪಿಲ್ಲವೆಂದು ತೋರಿಸುವುದು ಅದರ ಉದ್ದೇಶವಾಗಿತ್ತು. ಆರೋಗ್ಯ ಮಂಡಳಿಯ ನಕ್ಷೆಯೂ ವಿವರಪೂರ್ಣವಾಗಿತ್ತು; ಅದನ್ನು ಮಾಡಿದವರು ಗಾಳಿಯ ವಾದವನ್ನೇ ಹಿಡಿದು ಕುಳಿತರು. ಸಾವುಗಳ ಗುರುತು ಎಲ್ಲರ ನಕ್ಷೆಯಲ್ಲಿಯೂ ಇದ್ದಿತು. ಅವರವರು ಕೇಳಿದ ಪ್ರಶ್ನೆಗೆ ಅವರವರ ನಕ್ಷೆಯು ಉತ್ತರ ಕೊಟ್ಟಿತು.

ಸ್ನೋನ ಎರಡನೆಯ ನಕ್ಷೆಯಲ್ಲಿ ಒಂದು ವಿಶೇಷವಿದೆ. ಬ್ರಾಡ್ ಸ್ಟ್ರೀಟಿನ ಪಂಪಿಗೂ ಸುತ್ತಲಿನ ಇತರ ಪಂಪುಗಳಿಗೂ ನಡಿಗೆಯ ದೂರ ಸಮವಾಗುವ ಜಾಗಗಳನ್ನು ಜೋಡಿಸಿ ಆತನು ಒಂದು ಗೆರೆಯನ್ನೆಳೆದನು. ಗೆರೆಯ ಒಳಗಿನವರಿಗೆ ಬ್ರಾಡ್ ಸ್ಟ್ರೀಟ್ ಹತ್ತಿರ, ಹೊರಗಿನವರಿಗೆ ಬೇರೆ ಪಂಪು ಹತ್ತಿರ. ಸಾವಿನ ಗುರುತುಗಳು ಗೆರೆಯೊಳಗೆ ದಟ್ಟವಾಗಿದ್ದು, ಗೆರೆಯ ಬಳಿ ವಿರಳವಾಗುತ್ತ ಬಂದಿದ್ದವು. ಹಕ್ಕಿ ಹಾರುವಂತೆ ನೇರ ದೂರವನ್ನು ಹಿಡಿಯದೆ, ಕೊಡ ಹಿಡಿದು ಬೀದಿಬೀದಿಯಲ್ಲಿ ನಡೆಯುವ ದೂರವನ್ನೇ ಆತನು ಲೆಕ್ಕ ಹಿಡಿದುದು ಗಮನಾರ್ಹ. ರೋಗದ ಮೂಲವನ್ನು ಪತ್ತೆಮಾಡಿದವನು ಮೊದಮೊದಲು ಸ್ನೋನ ಮಾತನ್ನು ನಂಬದಿದ್ದ ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ. ಪಂಪಿನ ಪಕ್ಕದ ಮನೆಯ ಕೂಸೊಂದಕ್ಕೆ ಮೊದಲು ಭೇದಿಯಾಗಿ, ಅದರ ಬಟ್ಟೆ ಒಗೆದ ನೀರು ಬಾವಿಗೆ ಅತಿ ಸಮೀಪದ ಮಲಗುಂಡಿಗೆ ಸೇರಿತ್ತೆಂದು ಆತನು ಕಂಡುಹಿಡಿದನು. ಸ್ನೋ 1858ರಲ್ಲಿ ತೀರಿಕೊಂಡನು. ಜರ್ಮನಿಯ ರಾಬರ್ಟ್ ಕಾಕ್ ನಮ್ಮ ಕಲ್ಕತ್ತೆಯಲ್ಲಿ ಕಾಲರಾದ ಸೂಕ್ಷ್ಮಜೀವಿಯನ್ನು ಖಚಿತಪಡಿಸಿದುದು 1884ರಲ್ಲಿ.

ಲಂಡನ್ನಿನದೇ ಇನ್ನೊಂದು ನಕ್ಷೆಯ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಅಲ್ಲಿಯ ನೆಲದೊಳಗಿನ ರೈಲುಗಳ ನಕ್ಷೆಯನ್ನು ಹ್ಯಾರಿ ಬೆಕ್ ಎಂಬ ನಕ್ಷೆಗಾರನು 1931ರಲ್ಲಿ ಹೊಸದಾಗಿ ಬರೆದನು. ಅಂಕುಡೊಂಕಾದ ಹಾದಿಗಳನ್ನೆಲ್ಲ ನೇರಗೆರೆಗಳನ್ನಾಗಿ ಮಾಡಿ, ನಿಲ್ದಾಣಗಳನ್ನು ಹೆಚ್ಚುಕಡಮೆ ಸಮದೂರದಲ್ಲಿಟ್ಟು, ನೆಲದ ಮೇಲಿನ ಗುರುತುಗಳಲ್ಲಿ ಥೇಮ್ಸ್ ಹೊಳೆಯೊಂದನ್ನೇ ಉಳಿಸಿಕೊಂಡನು. ಇಷ್ಟು ವಿಪರೀತವೇ ಎಂದು ಅಧಿಕಾರಿಗಳು ಮೊದಲು ಒಪ್ಪಲಿಲ್ಲ. 1933ರಲ್ಲಿ ಅಚ್ಚಾದಾಗ ಜನರು ಮೆಚ್ಚಿಕೊಂಡರು. ಯಾವ ರೈಲು ಹತ್ತಬೇಕು, ಎಲ್ಲಿ ಬದಲಾಯಿಸಬೇಕೆಂಬ ಪ್ರಶ್ನೆಗೆ ದೂರವು ಬೇಕಿರಲಿಲ್ಲ. ಆದರೆ ದೂರವನ್ನು ತಿಳಿಯಲು ಅದೇ ನಕ್ಷೆಯನ್ನು ನೋಡಿದವನು ಕೆಟ್ಟನು. ಕಾವೆಂಟ್ ಗಾರ್ಡನ್ ಮತ್ತು ಲೆಸ್ಟರ್ ಸ್ಕ್ವೇರ್ ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರು. ನಡೆದರೆ ಕೆಲವೇ ನಿಮಿಷ. ನಕ್ಷೆಯಲ್ಲಿ ಅದೂ ಒಂದು ಪ್ರಯಾಣದಂತೆಯೇ ಕಾಣುತ್ತದೆ. ಅಲ್ಲಿಯ ಪ್ರಯಾಣಿಕರು ಹಾದಿಯನ್ನು ಆರಿಸುವಾಗ ನಿಜವಾದ ವೇಳೆಗಿಂತ ನಕ್ಷೆಯಲ್ಲಿ ಕಾಣುವ ಉದ್ದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಇನ್ನು ನಮ್ಮ ತರಗತಿಯ ಭೂಪಟಕ್ಕೆ ಬರೋಣ. ಗೋಡೆಗೆ ತೂಗಹಾಕಿದ ಭಾರತದ ಭೂಪಟದಲ್ಲಿ ಉತ್ತರವು ಮೇಲಕ್ಕಿರುತ್ತದೆ. ಪಾಠ ಹೇಳುವಾಗ ನಾವು ಕಾಶ್ಮೀರ ಮೇಲಿದೆ, ಕನ್ಯಾಕುಮಾರಿ ಕೆಳಗಿದೆ ಎಂದುಬಿಡುತ್ತೇವೆ. ಮಗುವಿಗೆ ಮೇಲೆ ಎಂದರೆ ಎತ್ತರ, ಕೆಳಗೆ ಎಂದರೆ ತಗ್ಗು. ನೈಲ್ ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆಂದರೆ, ನೀರು ಮೇಲಕ್ಕೆ ಹರಿಯುವುದು ಹೇಗೆಂದು ಮಗು ಕೇಳುತ್ತದೆ. ಕೇಳದ ಮಗು ಸುಮ್ಮನೆ ಬರೆದುಕೊಳ್ಳುತ್ತದೆ. ಆಫ್ರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮ ತುಂಗೆ ಭದ್ರೆಯರೂ ಗಂಗಾಮೂಲದಲ್ಲಿ ಹುಟ್ಟಿ ಉತ್ತರಾಭಿಮುಖವಾಗಿಯೇ ಸಾಗಿ ಕೂಡಲಿಯಲ್ಲಿ ಸಂಗಮಿಸುತ್ತಾರೆ. ಭೂಪಟವನ್ನು ಗೋಡೆಯಿಂದಿಳಿಸಿ, ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿಟ್ಟರೆ ಈ ತೊಡಕು ಅರ್ಧಕ್ಕರ್ಧ ಕಳೆಯುತ್ತದೆ. ಇದಕ್ಕೆ ಶಾಸ್ತ್ರೀಯ ಆಧಾರವೂ ಉಂಟು. 1971ರಲ್ಲಿ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್‌ಲರ್ ಎಂಬವರು ಒಂದೇ ಆಕೃತಿಯನ್ನು ಬೇರೆಬೇರೆ ಕೋನಗಳಲ್ಲಿ ತಿರುಗಿಸಿ ತೋರಿಸಿ, ಎರಡೂ ಒಂದೇ ಹೌದೋ ಅಲ್ಲವೋ ಎಂದು ಕೇಳಿದರು. ತಿರುಗಿದ ಕೋನವು ಹೆಚ್ಚಿದಷ್ಟೂ ಉತ್ತರಕ್ಕೆ ಹಿಡಿಯುವ ವೇಳೆಯು ಅದೇ ಪ್ರಮಾಣದಲ್ಲಿ ಹೆಚ್ಚುತ್ತ ಹೋಯಿತು. ಮನಸ್ಸಿನೊಳಗೆ ವಸ್ತುವನ್ನು ತಿರುಗಿಸುವುದೂ ಒಂದು ಶ್ರಮವೇ. ಆ ಶ್ರಮವನ್ನು ಕೈಯಿಂದ ಮಾಡಿಬಿಟ್ಟರೆ ಬುದ್ಧಿಯು ಮುಂದಿನ ಕೆಲಸಕ್ಕೆ ಬಿಡುವಾಗುತ್ತದೆ.

ಪರೀಕ್ಷೆಯಲ್ಲಿ ನಾವು ಕೇಳುವುದು ಭೂಪಟದ ಹೊರಗೆರೆಯನ್ನು ತುಂಬುವುದನ್ನು: ಇಂಥ ಊರನ್ನು ಗುರುತಿಸಿ, ಇಂಥ ನದಿಯನ್ನು ಬರೆಯಿರಿ. ಇದು ನೆನಪಿನ ಪರೀಕ್ಷೆ, ಬೇಡವೆನ್ನಲಾಗದು. ಭೂಪಟದಿಂದ ಯೋಚಿಸುವುದಕ್ಕೆ ಬೇರೆಯ ಅಭ್ಯಾಸ ಬೇಕು, ಅದಕ್ಕೆ ಬೆಲೆಯುಳ್ಳ ಉಪಕರಣಗಳೇನೂ ಬೇಕಾಗಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ತಮ್ಮ ಊರಿನ ನಕ್ಷೆಯನ್ನು ತಾವೇ ಬರೆಯಲು ಹೇಳಿ, ಅದರಲ್ಲಿ ಕೊಳವೆಬಾವಿಗಳನ್ನೂ ನಲ್ಲಿಗಳನ್ನೂ ಗುರುತಿಸಲು ಹೇಳಬಹುದು. ಯಾವ ಮನೆಗೆ ಯಾವ ನೀರು ಹತ್ತಿರ? ಎರಡು ಬಿಂದುಗಳಿಂದ ಸಮದೂರದಲ್ಲಿರುವ ಬಿಂದುಗಳೆಲ್ಲ ಅವುಗಳನ್ನು ಕೂಡಿಸುವ ರೇಖೆಯ ಲಂಬ ಸಮದ್ವಿಭಾಜಕದ ಮೇಲಿರುತ್ತವೆಂದು ರೇಖಾಗಣಿತದಲ್ಲಿ ಅವರು ಓದಿದ್ದಾರೆ. ಕೈವಾರವನ್ನು ಹಿಡಿದು ಎಳೆಯಲಿ. ಎಳೆದಾದ ಮೇಲೆ ತಕರಾರುಗಳು ಬರುತ್ತವೆ: ನಡುವೆ ಹಳ್ಳವಿದೆ, ದಾಟಲಾಗದು, ಗೌಡರ ಹಿತ್ತಿಲ ಗೋಡೆಯನ್ನು ಸುತ್ತಿ ಹೋಗಬೇಕು, ಆ ನೀರು ಉಪ್ಪು, ನಮ್ಮವ್ವ ಅಲ್ಲಿಗೆ ಹೋಗುವುದೇ ಇಲ್ಲ. ಆಗ ಅಧ್ಯಾಪಕರು ಕೈವಾರದ ಗೆರೆಯನ್ನು ಅಳಿಸಗೊಡದೆ, ನಡೆದು ಅಳೆದ ದೂರದಿಂದ ಎರಡನೆಯ ಗೆರೆಯೊಂದನ್ನು ಬೇರೆ ಬಣ್ಣದಲ್ಲಿ ಅದರ ಮಗ್ಗುಲಿಗೇ ಎಳೆಯಿಸಬೇಕು. ಎರಡು ಗೆರೆಗಳ ನಡುವೆ ಸಿಕ್ಕಿಕೊಂಡ ಮನೆಗಳು ಯಾರಯಾರವೆಂದು ಹೆಸರು ಹಿಡಿದು ಎಣಿಸುವುದನ್ನು ವಿದ್ಯಾರ್ಥಿಗಳಿಗೇ ಬಿಡಬಹುದು.